ಬಿಳಿ ಯಜಮಾನನ ಶನಿವಾರಗಳು

‘ಆಗೆಲ್ಲ ಎಷ್ಟು ಚೆನ್ನಾಗಿತ್ತು’ ಅಂತ ಯಾರಾದರೂ ಶುರು ಮಾಡಿದರೆ ನನ್ನ ಬಾಯಿಗೆ ಮೊದಲು ಬರುವುದು ಒಂದೇ ಮಾತು: ಯಾರಿಗೆ ಚೆನ್ನಾಗಿತ್ತು? ಆದರೂ ಒಂಬತ್ತನೇ ಕ್ಲಾಸಿನ ಆ ಮಳೆಗಾಲ ನೆನಪಾದಾಗ ನನ್ನ ಪ್ರಶ್ನೆಗೆ ನಾನೇ ಸ್ವಲ್ಪ ತಡವರಿಸುತ್ತೇನೆ. ನಾಲೆಗೆ ನೀರು ಬಿಟ್ಟಿದ್ದರು. ಹೆಮ್ಮಿಗೆ ಊರು ದಾಟಿ ನಮ್ಮೂರಿನ ಬಯಲಿಗೆ ಇಳಿದರೆ ಕೆಸರಿಗೆ ತುಳಿದ ಹಸಿಸೊಪ್ಪು ಕೊಳೆಯುವ ವಾಸನೆ ಮೂಗಿಗೆ ಹತ್ತುತ್ತಿತ್ತು. ಬೇರೆಯವರಿಗೆ ಅದು ನಾತ. ನಮ್ಮ ಕಾಲೊನಿಯ ಮಕ್ಕಳಿಗೆ ಅದು ಏಡಿ ಸಾರಿನ ಮುನ್ಸೂಚನೆ. ಬದುವಿನ ಬಿಲಕ್ಕೆ ಕೈ ಹಾಕಿ, ಕಚ್ಚಿಸಿಕೊಂಡು, ಏಡಿಯನ್ನು ಲಂಗದಲ್ಲಿ ಕಟ್ಟಿ ತಂದರೆ ಅವ್ವ ಮೊದಲು ಬೆನ್ನಿಗೆರಡು ಕೊಟ್ಟು ಆಮೇಲೆ ಖಾರ ಅರೆಯಲು ಕೂರುತ್ತಿದ್ದಳು.

ಅದೇ ಮಳೆಗಾಲದಲ್ಲಿ ಒಬ್ಬ ಬ್ರಿಟಿಷ್ ಪಾರ್ಲಿಮೆಂಟ್ ಸದಸ್ಯ ನಮ್ಮ ಕಾಲೊನಿಗೆ ಬಂದ. ಅಂದರೆ ಮೈ ಹೊತ್ತು ಬರಲಿಲ್ಲ. ಸಮಾಜ ಹೇಳಿಕೊಡುತ್ತಿದ್ದ ನಾಗರಾಜ ಮೇಷ್ಟ್ರ ಬಾಯಲ್ಲಿ ಬಂದ.

ಮೇಷ್ಟ್ರು ಆ ವರ್ಷ ಅಣಕು ಸಂಸತ್ತಿನ ಸ್ಪರ್ಧೆಗೆ ತಂಡ ಕಟ್ಟುತ್ತಿದ್ದರು. ಬೇರೆ ಸ್ಕೂಲುಗಳಲ್ಲಿ ಪ್ರಧಾನಮಂತ್ರಿಯ ಪಾತ್ರಕ್ಕೆ ಹೊಡೆದಾಟ ನಡೆದರೆ ಇವರಿಗೆ ಬೇರೆಯೇ ಹುಚ್ಚು. ಎಲ್ಲೋ ಓದಿದ್ದ ಆ ಸದಸ್ಯನೇ ನಮ್ಮ ಸಂಸತ್ತಿನಲ್ಲಿ ಇರಬೇಕೆಂದು ಹಟ. ಆತನ ಅಪ್ಪ ಕಲ್ಲಿದ್ದಲ ಗಣಿಯಲ್ಲಿ ದುಡಿದು, ಕೆಮ್ಮಿ ಕೆಮ್ಮಿ ಸತ್ತವನು. ಮಗ ಹಗಲು ಗಣಿಗಿಳಿದು ಸಂಜೆ ಓದಿ ಮೇಷ್ಟ್ರಾದ. ಆಮೇಲೆ ಆ ಗಣಿ ಊರಿನಿಂದಲೇ ಪಾರ್ಲಿಮೆಂಟಿಗೆ ನಿಂತ. ಮೊದಲ ಸಲ ಕೂದಲೆಳೆಯಲ್ಲಿ ಗೆದ್ದ. ಮುಂದೆ ಊರು ಅವನನ್ನು ಬಿಡಲೇ ಇಲ್ಲ, ತಲೆ ಪೂರ್ತಿ ಬೆಳ್ಳಗಾಗುವವರೆಗೂ ಗೆಲ್ಲಿಸಿತು. ಸರ್ಕಾರಗಳು ಬಂದವು, ಬಿದ್ದವು. ಆತ ಒಂದು ದಿನಕ್ಕೂ ಮಂತ್ರಿಯಾಗಲಿಲ್ಲ. ಹಿಂದಿನ ಬೆಂಚಿನಲ್ಲೇ ಕೂತು, ತನ್ನ ಪಕ್ಷದವರು ಗಣಿ ಮುಚ್ಚಲು ಹೊರಟಾಗ ಅವರ ವಿರುದ್ಧವೇ ಮತ ಹಾಕಿದ. ಶನಿವಾರ ಬಂತೆಂದರೆ ಲಂಡನ್ನಿನಿಂದ ರೈಲು ಹತ್ತಿ ಬಂದು ಊರಿನ ಲೈಬ್ರರಿಯ ಒಂದು ಕೋಣೆಯಲ್ಲಿ ಕೂತುಬಿಡುತ್ತಿದ್ದ. ಗೋಡೆ ಒದ್ದೆ ಅನ್ನುವವರು, ಪಿಂಚಣಿ ಬಂದಿಲ್ಲ ಅನ್ನುವವರು, ಸುಮ್ಮನೆ ಮಾತಿಗೆ ಬಂದ ಮುದುಕಿಯರು, ಎಲ್ಲರ ಮಾತನ್ನೂ ಕೇಳುವುದು. ಆ ಊರನ್ನು ರೈಲು ಹಳಿ ಎರಡು ಭಾಗ ಮಾಡಿತ್ತಂತೆ. ಗಣಿಗೆ ಹೋಗುವವರು ಹಳಿ ದಾಟಬೇಕು, ದಾಟುವಾಗ ಸಾಯಬೇಕು. ಮೇಲೊಂದು ಕಾಲುಸೇತುವೆ ಬೇಕು ಅಂತ ಆತ ಗೆದ್ದ ವರ್ಷದಿಂದ ಮುದುಕನಾಗುವವರೆಗೆ ಸದನದಲ್ಲಿ ಕೇಳುತ್ತಲೇ ಇದ್ದ.

ನಾನು ಎದ್ದು ನಿಂತೆ. “ಸಾ, ಅಷ್ಟು ವರ್ಷ ಒಂದೇ ಪ್ರಶ್ನೆ ಕೇಳಿದ್ರು ಅಂದ್ರೆ ಅವರು ಫೇಲು ಅಂತ ತಾನೆ?”

“ಯಾಕಮ್ಮ?”

“ಉತ್ತರ ಸಿಕ್ಕಿದ್ರೆ ಕೇಳಾದು ನಿಲ್ಲಿಸ್ತಿದ್ರಲ್ಲ.”

ಕ್ಲಾಸು ನಕ್ಕಿತು. ಮೇಷ್ಟ್ರು ನಗಲಿಲ್ಲ. “ಕೊನೆಗೂ ಸೇತುವೆ ಆಯ್ತು ಕಣಮ್ಮ ಗೌತಮಿ. ಕೇಳೋನು ಕೂತ್ಕಂಡ್ರೆ ಮಾತ್ರ ಸೋಲು. ಆ ಪಾರ್ಟು ನೀನೇ ಮಾಡು. ಹೊರಗೆ ನಿಂತು ಆಡೋ ಜಗಳಾನ ಒಳಗೆ ನಿಂತು ಆಡು.”

ಪಾರ್ಟು ಮಾಡಬೇಕಾದರೆ ಶನಿವಾರವೂ ಮಾಡಬೇಕು ಅಂದರು. ಹಾಗಾಗಿ ಶನಿವಾರ ಬೆಳಗಿನ ಸ್ಕೂಲು ಬಿಟ್ಟ ಮೇಲೆ ಕಾಲೊನಿಯ ಸಮುದಾಯ ಭವನದ ಜಗಲಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆ. ಪಕ್ಕದಲ್ಲಿ ಚೌಕಾಬಾರ ಆಡುತ್ತಿದ್ದ ಹೆಂಗಸರಿಗೆ ಅದಕ್ಕಿಂತ ಒಳ್ಳೆ ಆಟ ಸಿಕ್ಕಿತು.

“ಏನವ್ವಾ ಎಂಪಿ, ನಮ್ಮೆಮ್ಮೆ ಒದೀತದೆ, ವಸಿ ಬುದ್ಧಿ ಏಳು.”

“ನನ್ ಗಂಡಂಗೂ ಏಳವ್ವಾ, ಅವ್ನೂ ಒದೀತಾನೆ.”

ಮೊದಲೆರಡು ವಾರ ಬರೀ ನಗು. ಆಮೇಲೆ ಒಬ್ಬಳು ತನ್ನ ಹೆಬ್ಬೆಟ್ಟು ರೇಷನ್ ಅಂಗಡಿಯ ಮಿಷನ್ನಿಗೆ ಹತ್ತುವುದಿಲ್ಲ ಅಂದಳು, ನಗದೆ ಅಂದಳು. ಇನ್ನೊಬ್ಬಳು ಕೊಳಾಯಿ ಬಗ್ಗೆ ಹೇಳಿದಳು. ನನಗೆ ಭಯವಾಯಿತು. ನಾಟಕ ನೋಡುವವರು ತಮ್ಮ ಪಾಡಿಗೆ ನಾಟಕದೊಳಗೆ ಬಂದು ಕೂತುಬಿಟ್ಟಿದ್ದರು.

ಒಂದು ಶನಿವಾರ ನನ್ನ ಅಜ್ಜಿ ಬಂದಳು. ಮನೆಯಲ್ಲಿ ನನ್ನ ತಲೆ ಬಾಚುವ ಅಜ್ಜಿ, ಯಾರೋ ಹೊರಗಿನವಳ ಹಾಗೆ ಸೆರಗು ಹೊದ್ದು, ಜಗಲಿಯ ಕೆಳಗೆ ಕೈ ಮುಗಿದು ನಿಂತಳು.

“ಸಾ, ನಂದೊಂದ್ ಅರ್ಜಿ.”

“ಅಜ್ಜೀ, ಮೇಲ್ ಬಾ, ಇದೇನು?”

“ಅಜ್ಜಿ ಗಿಜ್ಜಿ ಮನೇಲಿ. ಈಗ್ ಕೇಳು. ನಾನ್ ಸತ್ರೆ ನನ್ ಎಣ ಕೆಸ್ರಿಗ್ ಬೀಳ್ಬಾರ್ದು. ಅಷ್ಟೇಯ.”

ಚೌಕಾಬಾರದ ಕವಡೆ ಸದ್ದು ನಿಂತಿತು. ಎಲ್ಲರಿಗೂ ಗೊತ್ತಿದ್ದ ಸಂಗತಿ. ತಾತ ತೀರಿಕೊಂಡದ್ದು ನಾಟಿ ಕಾಲದಲ್ಲಿ. ನಮ್ಮ ಸ್ಮಶಾನ ಬಯಲಿನಾಚೆ ದಿಬ್ಬದ ಮೇಲಿದೆ. ಅಲ್ಲಿಗೆ ಹಿಂದೆ ಬಂಡಿದಾರಿ ಇತ್ತು, ಸರ್ಕಾರದ ನಕ್ಷೆಯಲ್ಲಿ ಈಗಲೂ ಇದೆ. ಗದ್ದೆಯವರು ವರ್ಷಕ್ಕೊಂದು ಗೆರೆ ಉಳುತ್ತಾ ಉಳುತ್ತಾ ಬಂಡಿದಾರಿ ಬದುವಾಯಿತು, ಬದುವೂ ಕರಗಿ ಗದ್ದೆಯಾಯಿತು. ಬೇಸಿಗೆಯಲ್ಲಿ ಸತ್ತವರು ಪುಣ್ಯವಂತರು. ತಾತನನ್ನು ಹೊತ್ತವರು ಮೊಣಕಾಲುದ್ದ ಕೆಸರಿನಲ್ಲಿ ಜಾರಿದರು, ಹೆಣ ನೀರಿಗೆ ಬಿತ್ತು. ಅಜ್ಜಿ ಬಿಕ್ಕುತ್ತಲೇ ತನ್ನ ಸೆರಗಿನಿಂದ ಅವನ ಬಾಯೊಳಗಿನ ಕೆಸರು ತೆಗೆದಳಂತೆ.

ಮನೆಯಲ್ಲಿ ದಿನಾ ಕತೆ ಹೇಳುತ್ತಿದ್ದೆನಲ್ಲ, ಆ ಬ್ರಿಟಿಷ್ ಸದಸ್ಯನ ಹಾಗೆ ಗಂಭೀರವಾಗಿ ಹೇಳಿದೆ: “ಸದನದಲ್ಲಿ ಕೇಳ್ತೀನಿ.”

“ಆ ಬಿಳೀ ಯಜಮಾನ ಕೇಳ್ದಂಗೆ ಕೇಳ್ಬುಡು ಮಗ. ಬುಡ್ಬ್ಯಾಡ.”

ಅವತ್ತಿನಿಂದ ಕಾಲೊನಿಯಲ್ಲಿ ಆತನ ಹೆಸರು ಬಿಳಿ ಯಜಮಾನ.

ಸ್ಪರ್ಧೆ ತಿ. ನರಸೀಪುರದಲ್ಲಿ, ಒಂದು ಕಲ್ಯಾಣ ಮಂಟಪದಲ್ಲಿ. ನಮ್ಮ ತಂಡದ ಮಂತ್ರಿ ಮಹೇಶ. ಬಂಡಿದಾರಿ ನುಂಗಿದ ಗದ್ದೆಗಳಲ್ಲಿ ಒಂದು ಅವರಪ್ಪನದು. “ಪ್ರಶ್ನೆ ಕೇಳು, ಆದ್ರೆ ನಮ್ಮಪ್ಪನ್ ಹೆಸ್ರು ಎತ್ಬ್ಯಾಡ ಕಣೆ, ಸಿಗ್ದಾಕ್ಬುಡ್ತಾನೆ” ಅಂದಿದ್ದ. ಮುಖ್ಯ ಅತಿಥಿ ನಮ್ಮ ಕಡೆಯ ಒಬ್ಬ ಮುಖಂಡರು. ಒಂದಲ್ಲ ಒಂದು ಕುರ್ಚಿಯಲ್ಲಿ ಬಹಳ ಕಾಲದಿಂದ ಇದ್ದವರು, ಎಲ್ಲರ ಬಾಯಲ್ಲೂ ಸಾಹೇಬ್ರು. ಅವರು ಬರುತ್ತಾರೆ ಅಂತ ತಿಳಿದದ್ದೇ ಕಾಲೊನಿಯ ಯಜಮಾನರಾದ ಸಿದ್ದಯ್ಯನವರು ಹಿಂದಿನ ದಿನ ಮನೆಗೆ ಬಂದರು. ನ್ಯಾಯ, ಮದುವೆ, ಸಾವು ಎಲ್ಲಕ್ಕೂ ನಮ್ಮಲ್ಲಿ ಅವರೇ ಮುಂದು.

“ನಾಳೀಕೆ ನಾವೂ ಬತ್ತೀವಿ ಕೂಸೆ. ಸಾಹೇಬ್ರಿಗೆ ಆರ, ಪೇಟ, ಕೈಗೆ ವೀಳ್ಯ.”

“ಯಾಕೆ ಸಿದ್ದಯ್ಯ ತಾತ? ದಾರಿ ಕೆಲ್ಸ ಆದ್ಮೇಲೆ ತಾನೆ ಹಾರ ಹಾಕಾದು?”

“ನಿಂಗೊತ್ತಿಲ್ಲ ಸುಮ್ಕಿರು. ಬಾಯಲ್ ಕೇಳುದ್ರೆ ನಾಳೆ ಬಾ ಅನ್ಬೋದು. ವೀಳ್ಯ ಈಸ್ಕಂಡೋನು ಇಲ್ಲ ಅನ್ನಂಗಿಲ್ಲ.”

ಇದು ನಮ್ಮ ಜನದ ಕಟ್ಟಳೆ. ಹೆಣ್ಣು ಕೇಳಲು ಹೋದರೂ, ತಮಟೆಯವರನ್ನು ಕರೆಯಲು ಹೋದರೂ, ಮುರಿದ ಮಾತು ಕೂಡಿಸಲು ಹೋದರೂ ಮೊದಲು ಎಲೆ ಅಡಿಕೆ ಕೈಗಿಡುವುದು. ಹಿಡಿದವನು ಮಾತಿಗೆ ಕಟ್ಟುಬಿದ್ದ. ಅದನ್ನು ಮೀರಿದವನನ್ನು ನಾನು ನೋಡಿಲ್ಲ. ನಾನು ವಾದ ಮಾಡಿದೆ: ಸಾಹೇಬ್ರು ನಮ್ಮ ಕಟ್ಟಳೆಗೆ ಸೇರಿದವರಲ್ಲವಲ್ಲ? ಅಜ್ಜಿ ನನ್ನ ಬಾಯಿ ಮುಚ್ಚಿಸಿದಳು. “ಯಜಮಾನ್ರು ಕಂಡಿರೋದ್ ನೀನ್ ಕಂಡಿದ್ದೀಯಾ? ಎಲೆ ಈಸ್ಕಳೋ ಮನ್ಸಂಗೆ ನಾಚ್ಕೆ ಇರ್ತದೆ.”

ಮಾರನೇ ದಿನ ಕಾರ್ಯಕ್ರಮ ಶುರುವಾಗುವ ಮೊದಲೇ ಸಿದ್ದಯ್ಯನವರು ನಾಲ್ಕು ಜನರೊಂದಿಗೆ ವೇದಿಕೆ ಹತ್ತಿದರು. ಸೇವಂತಿಗೆ ಹಾರ, ಮೈಸೂರು ಪೇಟ, ಎಲೆ ಅಡಿಕೆ. ಸಾಹೇಬರು ಎಲ್ಲವನ್ನೂ ನಗುನಗುತ್ತ ತಗೊಂಡರು. ಫೋಟೊ ತೆಗೆದರು. ಸಿದ್ದಯ್ಯನವರು ಕೆಳಗಿಳಿದು ಅಜ್ಜಿಯ ಕಡೆ ನೋಡಿ ಮೀಸೆ ಸವರಿಕೊಂಡರು.

ಆಮೇಲೆ ನಮ್ಮ ಸಂಸತ್ತು. ಮೇಷ್ಟ್ರ ಹಳೇ ಕೋಟು ತೊಟ್ಟು, ಹಿಂದಿನ ಬೆಂಚಿನಿಂದ ಎದ್ದೆ. ಸೇತುವೆಯ ಪ್ರಶ್ನೆಯಿಂದ ಶುರು ಮಾಡಿ ಬಂಡಿದಾರಿಗೆ ಬಂದೆ. ಸಭಾಧ್ಯಕ್ಷರೇ, ನಕ್ಷೆಯಲ್ಲಿರುವ ದಾರಿ ನೆಲದ ಮೇಲೆ ಏಕಿಲ್ಲ? ಸತ್ತವರು ಬೇಸಿಗೆಗೆ ಕಾಯಬೇಕೆ? ಅಷ್ಟು ಚೆನ್ನಾಗಿ ನಾನು ಮತ್ತೆಂದೂ ಮಾತಾಡಿಲ್ಲ. ಮಂತ್ರಿ ಮಹೇಶ ತಬ್ಬಿಬ್ಬಾಗಿ “ಪರಿಶೀಲಿಸಲಾಗುವುದು” ಅಂದ. ಜನ ನಕ್ಕರು, ಚಪ್ಪಾಳೆ ತಟ್ಟಿದರು.

ಸಾಹೇಬರು ಮೈಕ್ ಹಿಡಿದರು. “ಈ ಮಗು ಎಷ್ಟು ಚೆಂದ ಮಾತಾಡ್ತು! ಆದ್ರೆ ಅದು ನಾಟಕದ ಪ್ರಶ್ನೆ ಕಣ್ರೀ. ನಿಜವಾದ ಉತ್ತರ ಇಲ್ನೋಡಿ, ನನ್ನ ಕತ್ತಲ್ಲೇ ಅದೆ. ಅದೇ ಕಾಲೊನಿ ಯಜಮಾನರು ಈಗ ತಾನೆ ಬಂದು ಹಾರ ಹಾಕಿದ್ರಲ್ಲ? ಕೆಲಸ ಮಾಡದೇ ಇರೋನಿಗೆ ಯಾರಾದ್ರೂ ಹಾರ ಹಾಕ್ತಾರಾ?”

ಮಂಟಪ ಹಾರಿಹೋಗುವಷ್ಟು ಚಪ್ಪಾಳೆ. ಸದನದಲ್ಲಿ ಪೂರಕ ಪ್ರಶ್ನೆ ಅಂತ ಒಂದಿದೆ, ಮೇಷ್ಟ್ರು ಕಲಿಸಿದ್ದರು. ನಾನು ಎದ್ದು “ಸಭಾಧ್ಯಕ್ಷರೇ, ಪೂರಕ ಪ್ರಶ್ನೆ” ಅಂದೆ. ಗಂಟೆ ಬಾರಿಸಿದರು. ಸಮಯ ಮುಗಿದಿತ್ತು. ತಿರುಗಿ ನೋಡಿದರೆ ಸಿದ್ದಯ್ಯನವರೂ ಚಪ್ಪಾಳೆ ತಟ್ಟುತ್ತಿದ್ದರು. ಸಾಹೇಬರು ಮಾತಿಗೆ ಕಟ್ಟುಬಿದ್ದರು ಅಂತ ಅವರ ಎಣಿಕೆ. ಅಜ್ಜಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೆ ಉತ್ತಮ ಸಂಸದೀಯ ಪಟು ಅಂತ ಒಂದು ಸ್ಟೀಲಿನ ತಟ್ಟೆ ಕೊಟ್ಟರು.

ಮಾರನೇ ದಿನದ ಪೇಪರಿನಲ್ಲಿ ಫೋಟೊ ಬಂತು. ಸ್ಮಶಾನದ ದಾರಿ ಸಮಸ್ಯೆ ಬಗೆಹರಿಸಿದ ನಾಯಕರಿಗೆ ಕಾಲೊನಿ ನಿವಾಸಿಗಳ ಸನ್ಮಾನ. ಸಿದ್ದಯ್ಯನವರಿಗೆ ನಾನೇ ಓದಿ ಹೇಳಿದೆ. ಪೇಪರು ಈಸಿಕೊಂಡು ಮಡಿಸುತ್ತಾ, “ನಾಚ್ಕೆಗಾದ್ರೂ ಮಾಡ್ತಾರೆ ಬುಡು” ಅಂದರು. ಎರಡನೇ ಸಲ ಓದು ಅನ್ನಲಿಲ್ಲ.

ನಾಗರಾಜ ಮೇಷ್ಟ್ರು ಬಿಡಲಿಲ್ಲ. ಯಜಮಾನರನ್ನು ಕರೆದುಕೊಂಡು ತಾಲ್ಲೂಕು ಕಚೇರಿಗೆ ಅಲೆದರು. ಪ್ರತಿ ಮೇಜಿನಲ್ಲೂ ಅದೇ ಮಾತು: ಆಗಿದೆಯಲ್ರೀ, ನೀವೇ ಪೇಟ ಕಟ್ಟಿದ್ದೀರಿ, ಈಗ ಇಲ್ಲ ಅಂದ್ರೆ ಯಾರು ನಂಬ್ತಾರೆ? ವಾದ ಗೆದ್ದು ಅಭ್ಯಾಸವಿರುವ ನಾನು ಇಷ್ಟು ಒಪ್ಪಲೇಬೇಕು, ಅದು ಒಳ್ಳೆಯ ವಾದ. ಕೊನೆಗೆ ಮೇಷ್ಟ್ರಿಗೆ ನಂಜನಗೂಡಿನ ಕಡೆಗೆ ವರ್ಗವಾಯಿತು. ಅಣಕು ಸಂಸತ್ತೂ ನಿಂತಿತು.

ಅಜ್ಜಿ ಮಾತ್ರ ಕಾಯುತ್ತಲೇ ಇದ್ದಳು. “ಎಲೆ ಈಸ್ಕಂಡವ್ನೆ ಕಣ್ ಮಗ” ಅನ್ನುತ್ತಿದ್ದಳು. ನಾನು ಪಿಯುಸಿಯಲ್ಲಿದ್ದಾಗ, ನಾಟಿ ಮುಗಿದು ಗದ್ದೆ ತುಂಬ ನೀರು ನಿಂತಿದ್ದಾಗ ತೀರಿಕೊಂಡಳು. ಹೊತ್ತವರ ಜೊತೆ ನಾನೂ ಚಟ್ಟಕ್ಕೆ ಕೈ ಕೊಟ್ಟು ಕೆಸರಿಗಿಳಿದೆ. ಮಹೇಶನ ಅಪ್ಪ ಬದುವಿನ ಮೇಲೆ ತಲೆ ತಗ್ಗಿಸಿ ನಿಂತು, “ಪೈರು ನೋಡ್ಕಂಡು ಓಗ್ರಪ್ಪ” ಅಂದರು. ಕೆಟ್ಟ ಮನುಷ್ಯನಲ್ಲ. ಅವತ್ತು ಯಾರೂ ಬೈಯಲಿಲ್ಲ. ಅರ್ಧ ದಾರಿಯಲ್ಲಿ ಮುಂದಿನವನ ಕಾಲು ಹೂತಿತು. ಅಜ್ಜಿ ಬಿದ್ದಳು.

ಆಮೇಲೆ ಕಾನೂನು ಓದಲು ಮೈಸೂರಿಗೆ ಹೋದೆ. ಚರ್ಚಾಸ್ಪರ್ಧೆಗಳಲ್ಲಿ ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ, ಎರಡರಲ್ಲೂ ಗೆದ್ದೆ. ಒಂದು ಮಧ್ಯಾಹ್ನ ಲೈಬ್ರರಿಯಲ್ಲಿ ಆ ಬ್ರಿಟಿಷ್ ಸದಸ್ಯನ ಬಗ್ಗೆ ಹುಡುಕಿ ಓದಿದೆ. ಮೇಷ್ಟ್ರು ಸುಳ್ಳು ಹೇಳಿರಲಿಲ್ಲ, ಅರ್ಧ ಹೇಳಿದ್ದರು. ಸೇತುವೆ ಆದದ್ದು ನಿಜ. ಅಷ್ಟರಲ್ಲಿ ಗಣಿ ಮುಚ್ಚಿತ್ತು, ದುಡಿಯುವವರು ಊರು ಬಿಟ್ಟಿದ್ದರು, ಹಳಿ ದಾಟಿ ಹೋಗಲು ಆಚೆ ಏನೂ ಉಳಿದಿರಲಿಲ್ಲ. ನಿವೃತ್ತಿಯ ದಿನ ಸದನವೆಲ್ಲ ಎದ್ದು ನಿಂತು ಆತನನ್ನು ಹೊಗಳಿತಂತೆ. ಅದನ್ನು ಓದಿ ಕಂಪ್ಯೂಟರ್ ಆರಿಸಿಬಿಟ್ಟೆ.

ಈಗ ನಮ್ಮೂರಿನ ಮಕ್ಕಳು ಅಣಕು ಸಂಸತ್ತು ಅಂದರೇನು ಅಂತ ಕೇಳುತ್ತಾರೆ. ಭವನಕ್ಕೆ ಟೈಲ್ಸ್ ಬಂದಿದೆ, ಜಗಲಿಗೆ ಗ್ರಿಲ್ಲು ಬಂದಿದೆ, ಅಲ್ಲಿ ಕೂತು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಆ ಮಳೆಗಾಲದಲ್ಲಿ ನಮಗೆ ಏನಿತ್ತು ಅಂತ ಲೆಕ್ಕ ಹಾಕಿದರೆ, ದಾರಿಯಂತೂ ಆಗಲೂ ಇರಲಿಲ್ಲ. ಆದರೆ ಜಗಲಿಯ ಕೆಳಗೆ ನಿಂತು ಒಂದು ಹುಡುಗಿಗೆ ಕೈ ಮುಗಿಯುವಷ್ಟು ನಂಬಿಕೆ ಒಬ್ಬ ಮುದುಕಿಗಿತ್ತು. ಅದು ಈಗ ಕಾಲೊನಿಯ ಯಾವ ಮನೆಯಲ್ಲೂ ಇಲ್ಲ. ನನ್ನಲ್ಲಂತೂ ಇಲ್ಲವೇ ಇಲ್ಲ.

ಹೋದ ವರ್ಷ ಅಜ್ಜಿ ಹೋದ ದಿನಕ್ಕೆ ಎಡೆ ಇಡಲು ನಾನೂ ಅವ್ವನೂ ಹೊರಟೆವು. ಗದ್ದೆ ತುಂಬ ನೀರು. ಅವ್ವನ ಮಂಡಿ ಈಗ ಕೆಸರು ತಡೆಯುವುದಿಲ್ಲ. ಈಚೆ ಬದುವಿನ ಮೇಲೇ ಬಾಳೆಲೆ ಹಾಸಿ, ದಿಬ್ಬದ ಕಡೆ ಮುಖ ಮಾಡಿ ಕೈ ಮುಗಿದೆವು. ಏಳುವಾಗ ಅವ್ವ ನನ್ನ ಭುಜ ಹಿಡಿದುಕೊಂಡಳು.

“ನಾನ್ ಸತ್ರೆ ಇಲ್ಗೆ ತರ್ಬ್ಯಾಡ ಕಣ್ ಮಗ. ಮೈಸೂರಲ್ಲಿ ಕರೆಂಟಲ್ಲಿ ಸುಡ್ತಾರಂತಲ್ಲ, ಅಲ್ಲೇ ಮುಗ್ಸ್‌ಬುಡು.”

“ಅಜ್ಜಿ ತಾತನ್ ಮಗ್ಗುಲು ಬ್ಯಾಡ್ವಾ ಅವ್ವ?”

“ಬೇಕು ಅಂದ್ರೆ ಸಿಕ್ತದಾ?”

ಯಾವ ಮಾತಿಗೂ ಎದುರು ಮಾತು ಹುಡುಕುವವಳು ನಾನು. ಬದುವಿನ ಮೇಲೆ ನಿಂತು ತುಂಬ ಹೊತ್ತು ಹುಡುಕಿದೆ. ಆಮೇಲೆ, “ಆಯ್ತವ್ವ” ಅಂದೆ.