ಮೂರನೇ ಮಹಡಿಗೆ ಏರಿದ ಮಗ್ಗ

ಶನಿವಾರ ಬೆಳಿಗ್ಗೆ ಹತ್ತು ಗಂಟೆ. ಇಳಕಲ್ಲಿನ ಹೊಸ ವಸತಿ ಸಮುಚ್ಚಯದ ಅಂಗಳದಲ್ಲಿ ಇದ್ದವರು ಅಧಿಕಾರಿ, ಮನೆಗಾಗಿ ಚೀಟಿ ಎತ್ತಿದ ನಾವೆಲ್ಲ ಮತ್ತು ಗಾಲಿ ಕುರ್ಚಿಯಲ್ಲಿ ನನ್ನ ಹೆಂಡತಿ. ನಮ್ಮ ಚೀಟಿಗೆ ಮೂರನೇ ಮಹಡಿ ಬಂತು. ಲಿಫ್ಟ್ ಇಲ್ಲ. ಒಮ್ಮೆ ಮೇಲೆ ಹೋದರೆ ಅವಳು ಮತ್ತೆ ಬೀದಿ ಕಾಣುವುದಿಲ್ಲ.

ನೆಲಮಹಡಿ ಬಂದದ್ದು ಸೀರೆ ನೇಯುವ ಹುಸೇನಬಿಗೆ. ಕಾಲಿಳಿಸಿ ಕೂರಲು ಮಗ್ಗದ ಕೆಳಗೆ ಕುಣಿ ತೋಡಬೇಕು, ಅದಕ್ಕೆ ನೆಲವೇ ಬೇಕು. ಆಕೆ ನನ್ನ ಹೆಂಡತಿಯನ್ನೂ ಮೆಟ್ಟಿಲನ್ನೂ ನೋಡಿ ತನ್ನ ಕೀಲಿಕೈ ಚಾಚಿದಳು.

"ತಗೋರಿ ಮಾಸ್ತರ. ಮಗ್ಗ ಬಿಚ್ಚಿದ್ರ ಮ್ಯಾಲ ಹತ್ತತೈತಿ. ಅಕ್ಕಾರ್ನ ಬಿಚ್ಚಾಕ ಬರ್ತೈತೇನ್ರಿ?"

"ಕುಣಿ?" ಎಂದೆ.

"ಮಗ್ಗಕ್ಕ ಕಾಲು ಹಚ್ಚಿ ಎತ್ತರ ಮಾಡ್ಕೋತೇನಿ. ನೀವು ಚಿಂತಿ ಬಿಡ್ರಿ."

ಅಧಿಕಾರಿ ಬದಲಾವಣೆ ಬರೆದುಕೊಂಡರು. ಸಾಲಿನಲ್ಲಿ ಮಕ್ಕಳನ್ನು ನಿಲ್ಲಿಸಿಯೇ ನಿವೃತ್ತನಾದ ಡ್ರಿಲ್ ಮಾಸ್ತರ ನಾನು. ತಿಳಿದ ಕೆಲಸ ಮಾಡಿದೆ. ಆಕೆಯ ಹಳೆ ಮನೆಯಲ್ಲಿ ಮಗ್ಗ ಬಿಚ್ಚಿದಂತೆ ಅದರ ಒಂದೊಂದು ಮರಕ್ಕೂ ಸೀಮೆಸುಣ್ಣದಲ್ಲಿ ಕ್ರಮಸಂಖ್ಯೆ ಬರೆದೆ, ಮೇಲೆ ಜೋಡಿಸುವಾಗ ಆಕೆ ಹುಡುಕಾಡಬಾರದೆಂದು.

ಕೊನೆಯ ಮರ ಮೆಟ್ಟಿಲು ಹತ್ತಿದಾಗ ಸಂಜೆ ಐದೂವರೆ. ಕೈಯ ಸುಣ್ಣ ಒರೆಸಿಕೊಂಡು, ಹೆಂಡತಿಯ ಕುರ್ಚಿಯನ್ನು ಹೊಸ ಮನೆಯ ಬಾಗಿಲಲ್ಲಿ ಬೀದಿಗೆ ಮುಖ ಮಾಡಿ ನಿಲ್ಲಿಸಿದೆ.