ವೆಲಿಟಾ ಬದುಕಿಸಿದ ಗಿಡ

ಲೆಸ್ಟರ್ ಒಳ್ಳೆಯ ಮನುಷ್ಯ ಎಂದು ಮೈದಾನ್ ಹವಲ್ಲಿಯ ನಮ್ಮ ಕಟ್ಟಡದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕುಡಿಯುವುದಿಲ್ಲವಂತೆ. ಹೆಂಡವೇ ನಿಷೇಧವಿರುವ ಕುವೈತಿನಲ್ಲಿ ಕುಡಿಯದಿರುವುದು ಅದ್ಯಾವ ಘನಕಾರ್ಯವೋ! ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ಅದೂ ನಿಜವೇ. ನಾನು ಎದುರು ಫ್ಲಾಟಿನವಳು, ಬಾಗಲಕೋಟೆಯ ಸೀಮಾ. ಅವನ ಹೆಂಡತಿ ವೆಲಿಟಾಳ ಕಥೆಯನ್ನು ನಾನಾದರೂ ಹೇಳದಿದ್ದರೆ ಅವನ ಒಳ್ಳೆಯ ಹೆಸರು ಹಾಗೆಯೇ ಉಳಿದುಬಿಡುತ್ತದೆ.

ವೆಲಿಟಾ ಶಿರ್ವದ ಕಡೆಯವಳು. ಮದುವೆಯಾಗಿ ಚಳಿಗಾಲದಲ್ಲಿ ಇಲ್ಲಿಗೆ ಬಂದಳು. ಗಂಡ ಅವಳಿಗೆ ಅಡುಗೆಮನೆಗಿಂತ ಮೊದಲು ತೋರಿಸಿದ್ದು ಅವನ ಅಕ್ವೇರಿಯಂ. ಗಾಜಿನ ತೊಟ್ಟಿಯ ತುಂಬ ಗಿಡ, ನಡುವೆ ನಾಲ್ಕಾರು ಮೀನು. ಮರದ ತುಂಡಿಗೆ ದಾರದಿಂದ ಕಟ್ಟಿದ್ದು ಅನೂಬಿಯಸ್. ಅದರ ದಪ್ಪ ಕಾಂಡವನ್ನು ಮರಳಲ್ಲಿ ಹೂತರೆ ಕೊಳೆಯುತ್ತದೆ. ಮರಳಲ್ಲಿ ನೆಟ್ಟಿದ್ದು ಕ್ರಿಪ್ಟ್ ಎಂಬ ಕಂದು ಎಲೆಯ ಗಿಡ. ಇವಕ್ಕೆ ಗೊಬ್ಬರ, ಗ್ಯಾಸು, ದೊಡ್ಡ ಲೈಟು ಏನೂ ಬೇಡ. "ಇವು ಅಷ್ಟು ಸುಲಭಕ್ಕೆ ಸಾಯುವ ಜಾತಿ ಅಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅವನು ಶುವೈಖ್‌ನ ಗ್ಯಾರೇಜಿಗೆ ಹೋದ ಮೇಲೆ ನೀರು ಬದಲಿಸುವುದು, ಹಣ್ಣಾದ ಎಲೆ ಕತ್ತರಿಸುವುದು, ಗಾಜು ಒರೆಸುವುದು ವೆಲಿಟಾಳ ಪಾಲಿಗೆ ಬಂತು. ಒಂದು ಮಾತು ಮಾತ್ರ ಖಡಾಖಂಡಿತವಾಗಿ ಹೇಳಿದ್ದ: ಕೆಂಪು ಗುರುತಿನ ನಲ್ಲಿ ಮುಟ್ಟಬಾರದು, ಅದು ಬಿಸಿನೀರು.

ಚಳಿಗಾಲಕ್ಕೆ ಅದು ಸರಿ. ಆದರೆ ಇಲ್ಲಿ ಬೇಸಿಗೆ ಬಂತೆಂದರೆ ಎಲ್ಲ ಉಲ್ಟಾ. ತಾರಸಿಯ ಟ್ಯಾಂಕು ಬಿಸಿಲಿಗೆ ಕಾದು ತಣ್ಣೀರಿನ ನಲ್ಲಿಯಲ್ಲಿ ಕೈ ಸುಡುವ ನೀರು ಬರುತ್ತದೆ. ಆಗ ನಾವು ಗೀಸರ್ ಆರಿಸಿಬಿಡುತ್ತೇವೆ. ಮನೆಯೊಳಗಿನ ಎಸಿಯಲ್ಲಿ ಗೀಸರಿನ ನೀರು ತಣ್ಣಗಾಗುತ್ತದೆ, ಕೆಂಪು ನಲ್ಲಿಯೇ ತಣ್ಣೀರಿನ ನಲ್ಲಿಯಾಗುತ್ತದೆ. ಲೆಸ್ಟರ್ ಗೀಸರ್ ಆರಿಸಿ ತಾನು ತಣ್ಣಗೆ ಸ್ನಾನ ಮಾಡಿಕೊಂಡು ಕೆಲಸಕ್ಕೆ ಹೋದ. ಹೆಂಡತಿಗೆ ಹೇಳಲಿಲ್ಲ. ಅವಳೊಂದಿಗೆ ಮಾತಾಡುವುದು ಅವನಿಗೆ ರೂಢಿಯಿರಲಿಲ್ಲ.

ಅಂದು ವೆಲಿಟಾ ನೀಲಿ ನಲ್ಲಿಗೆ ಪೈಪು ಸಿಕ್ಕಿಸಿ, ನೀರು ಮುಟ್ಟಿ ನೋಡಿ, ಇನ್ನೊಂದು ತುದಿಯನ್ನು ತೊಟ್ಟಿಗೆ ಬಿಟ್ಟಳು. ಗೋಡೆಯೊಳಗಿನ ನೀರು ಮೊದಲು ತಣ್ಣಗೇ ಬರುತ್ತದೆ. ಅಷ್ಟರಲ್ಲಿ ಊರಿಂದ ಫೋನ್ ಬಂತು. ತಂದೆಯನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ಕಿಡ್ನಿ ಎರಡೂ ಹೋಗಿವೆ, ಇನ್ನು ಹೆಚ್ಚು ಕಾಲವಿಲ್ಲ. ಅವಳು ಅಳುತ್ತ ನಿಂತಿದ್ದಾಗ ತಾರಸಿಯ ನೀರು ಇಳಿದು ಬಂದು ತೊಟ್ಟಿ ತುಂಬಿ ನೆಲಕ್ಕೆ ಹರಿಯಿತು. ಮೀನು ಬೆಂದು ತೇಲಿದವು. ಎರಡು ದಿನದಲ್ಲಿ ಎಲೆಗಳೆಲ್ಲ ಲೋಳೆಯಾದವು.

ಮೀನು ಸತ್ತ ದಿನ ಲೆಸ್ಟರ್ ಬೈಯಲಿಲ್ಲ. ಸತ್ತ ಮೀನುಗಳನ್ನು ಅವಳ ಕೈಯಲ್ಲೇ ಎತ್ತಿಸಿ, ತಟ್ಟೆಯಲ್ಲಿಟ್ಟು ಊಟದ ಮೇಜಿನ ಮೇಲೆ ಇಡಿಸಿದ. ಅವನು ಎದುರು ಕೂತು ಊಟ ಮಾಡಿದ, ಅವಳಿಗೂ ಮಾಡಿಸಿದ. ಊರಿಗೆ ಕಳಿಸು ಎಂದು ಅವಳು ಕೇಳಿಕೊಂಡಾಗ ನಾನೂ ಅಲ್ಲಿದ್ದೆ. ಮನೆಯಲ್ಲಿ ಅವರದು ಕೊಂಕಣಿ. ನನಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದ.

"ಬೇರು ಇನ್ನೂ ಉಂಟು. ನೀನು ಕೊಂದದ್ದನ್ನು ನೀನೇ ಬದುಕಿಸು. ಒಂದು ಎಲೆ ಚಿಗುರಿದ್ರೆ ಆ ದಿನವೇ ಟಿಕೆಟ್ ಮಾಡ್ತೇನೆ."

"ಪಾಸ್‌ಪೋರ್ಟ್ ಎಲ್ಲೈತಿ? ನಡಿ, ನಾನೇ ಕಳಸ್ತೀನಿ" ಎಂದು ಮರುದಿನ ಅವಳಿಗೆ ಹೇಳಿದೆ. ಅದು ಅವನ ಗ್ಯಾರೇಜಿನ ಕಪಾಟಿನಲ್ಲಿತ್ತು. ಕೀಲಿ ಅವನ ಜೇಬಿನಲ್ಲಿತ್ತು.

ಅಂದಿನಿಂದ ಅವಳು ತೊಟ್ಟಿಯ ಮುಂದೆಯೇ ಕೂತಳು. ಕೊಳೆತ ಎಲೆಗಳನ್ನು ಬುಡದವರೆಗೆ ಕತ್ತರಿಸಿದಳು. ಅನೂಬಿಯಸ್ ಕಾಂಡವನ್ನು ಒತ್ತಿ ನೋಡಿ, ಮೆತ್ತಗಿದ್ದ ಭಾಗ ತೆಗೆದು ಗಟ್ಟಿ ತುಂಡನ್ನು ಮತ್ತೆ ಕಟ್ಟಿದಳು. ಪಾಚಿ ಏರದಂತೆ ಲೈಟು ಕಡಿಮೆ ಮಾಡಿದಳು. ಕ್ರಿಪ್ಟಿನ ಬೇರು ಕದಲಿಸಬಾರದು, ಸುಮ್ಮನೆ ಕಾಯಬೇಕು. ಕಾಯುವುದೇ ಅವಳ ಕೈಲಿ ಆಗದ ಕೆಲಸವಾಗಿತ್ತು.

ತಂದೆ ಫೋನಿನಲ್ಲಿ "ಯಾವಾಗ ಬರ್ತಿ ಬಾಯೆ?" ಎಂದು ಕೇಳುತ್ತಿದ್ದರು.

"ಗಿಡ ಚಿಗುರ್ಲಿ ಪಪ್ಪಾ, ಬರ್ತೇನೆ."

ಮಗಳು ತಮಾಷೆ ಮಾಡುತ್ತಿದ್ದಾಳೆಂದು ಅವರು ನಕ್ಕರು. ಅವಳೂ ನಕ್ಕಳು.

ಕೊನೆಗೂ ಚಿಗುರಿತು. ಮರಳಿನಿಂದ ಸೂಜಿಯಂಥ ಕಂದು ಮೊನೆಯೊಂದು ಎದ್ದು ಬಂದು ಸುರುಳಿ ಬಿಚ್ಚಿತು. ವೆಲಿಟಾ ಒದ್ದೆ ಕೈಯಲ್ಲೇ ಓಡಿ ಬಂದು ನನ್ನ ಬಾಗಿಲು ಬಡಿದಳು. ಬ್ಯಾಗು ತುಂಬಲು ನಾನೇ ನೆರವಾದೆ. ಸಂಜೆ ಲೆಸ್ಟರ್ ಬಂದಾಗ ಸಾಕ್ಷಿಗೆಂದು ಬೇಕಂತಲೇ ಹೋಗಿ ಕೂತೆ. ಅವನು ಬಗ್ಗಿ, ಮೊಬೈಲಿನ ಬೆಳಕು ಬಿಟ್ಟು ನೋಡಿದ. ಮುಖ ಅರಳಿತು. ಮದುವೆಯಾದಂದಿನಿಂದ ಅವನು ಅವಳನ್ನು ಹೊಗಳಿದ್ದು ಅದೇ ಮೊದಲು.

"ಭಾರಿ ಒಳ್ಳೇದು ಮಾಡಿದ್ದಿ ಮಾರಾಯ್ತಿ!"

"ಹಂಗಾರ ಟಿಕೆಟ್ ಮಾಡು" ಎಂದೆ.

"ಈಗ ಹೇಗೆ ಹೋಗುದು ಸೀಮಾಕ್ಕ? ಎಳೇ ಚಿಗುರು, ಈ ಸೆಕೆ. ಇವಳ ಹಾಗೆ ನೋಡ್ಲಿಕ್ಕೆ ನಂಗೆ ಬರುದಿಲ್ಲ. ಒಂದು ನಾಲ್ಕು ಎಲೆ ಆಗ್ಲಿ."

ಬಾಯಿಗೆ ಬಂದಂತೆ ಬೈದೆ. "ನಮ್ಮ ಮನೆ ವಿಷಯ" ಎಂದು ನಗುನಗುತ್ತಲೇ ಬಾಗಿಲು ತೆರೆದು ನಿಂತ.

ಎರಡನೆಯ ಎಲೆ ಬಿಚ್ಚುವ ಮೊದಲೇ ಅವಳ ತಂದೆ ತೀರಿಕೊಂಡರು. ಟಿಕೆಟ್ ಮಾಡಿದರೂ ಇನ್ನು ಮುಟ್ಟುವುದಿಲ್ಲ, ಖಲಾಸ್, ಎಂದ ಲೆಸ್ಟರ್. ಊರಿನ ಇಗರ್ಜಿಯ ಅಂತ್ಯಕ್ರಿಯೆ ಯೂಟ್ಯೂಬಿನಲ್ಲಿ ಲೈವ್ ಬರುತ್ತಿತ್ತು. ಅವನೇ ಅದನ್ನು ದೊಡ್ಡ ಟಿವಿಗೆ ಹಾಕಿ, ಕಟ್ಟಡದವರಿಗೆಲ್ಲ ಕುರ್ಚಿ ಹಾಕಿಸಿದ. ಹೆಣದ ಪೆಟ್ಟಿಗೆ ಮುಚ್ಚುವ ಮೊದಲು ಮಕ್ಕಳು ಒಬ್ಬೊಬ್ಬರಾಗಿ ಹಣೆಗೆ ಮುತ್ತಿಟ್ಟರು. ವೆಲಿಟಾ ಎದ್ದು ಹೋಗಿ ಟಿವಿಯ ಗಾಜಿನ ಮೇಲೆ ಕೈಯಿಟ್ಟಳು. ಅಷ್ಟರಲ್ಲಿ ಕ್ಯಾಮೆರಾ ತಿರುಗಿ ಬೇರೆ ಯಾರದೋ ಬೆನ್ನು ಕಾಣಿಸಿತು.

ಮಣ್ಣು ಹಾಕಿದ ಮೇಲೆ ಲೆಸ್ಟರ್ ಟಿವಿ ಆರಿಸಿ ಹೆಂಡತಿಯ ಹೆಗಲು ತಟ್ಟಿದ.

"ಎಲ್ಲ ಕ್ಲಿಯರ್ ಕಾಣಿಸ್ತು. ಒಂದು ಸಲವೂ ಸ್ಟಕ್ ಆಗ್ಲಿಲ್ಲ ಅಲ್ವಾ?"

ವೆಲಿಟಾ ಹೌದೆಂದು ತಲೆಯಾಡಿಸಿದಳು.