ಎರಡು ಚುಕ್ಕಿ, ಒಂದು ಗೆರೆ

ಬೆಳಕು ಹರಿಯುವ ಮೊದಲೇ ಸಮತಾ ನಲ್ಲಿ ನೀರು ಹಿಡಿದಿದ್ದಳು, ಅಂಗಳ ಗುಡಿಸಿದ್ದಳು, ಅತ್ತೆಯ ಸ್ನಾನಕ್ಕೆ ನೀರು ಕಾಯಿಸಿದ್ದಳು, ರೊಟ್ಟಿ ಬಡಿದು ಗಂಡನ ಡಬ್ಬಿ ಕಟ್ಟಿದ್ದಳು, ಕಂಪನಿಯ ಪ್ರಾಜೆಕ್ಟಿನ ಇಂಪೋರ್ಟ್ ದಾರಿಗಳನ್ನೆಲ್ಲ ತಿದ್ದಿದ್ದಳು. ಕೊನೆಯದನ್ನು ಮನೆಯಲ್ಲಿ ಯಾರೂ ಕೆಲಸವೆಂದು ಲೆಕ್ಕಕ್ಕೆ ಹಿಡಿಯರು. ಮೊದಲಿನವನ್ನೂ ಹಿಡಿಯರು, ಆ ಮಾತು ಬೇರೆ.

ಕೂಡ್ಲಿಗಿಯ ಮನೆಯ ಪಡಸಾಲೆಯ ಮೂಲೆಯೇ ಅವಳ ಆಫೀಸು. ಆ ಜಾವಾಸ್ಕ್ರಿಪ್ಟ್ ಪ್ರಾಜೆಕ್ಟಿನಲ್ಲಿ ಒಂದು ಫೈಲು ಇನ್ನೊಂದನ್ನು ಕರೆಯಬೇಕಾದರೆ ಎರಡು ಚುಕ್ಕಿ, ಒಂದು ಗೆರೆ, ಮತ್ತೆ ಎರಡು ಚುಕ್ಕಿ, ಒಂದು ಗೆರೆ. ಈ ಫೋಲ್ಡರಿನಿಂದ ಹೊರಗೆ ಬಾ, ಅದರಾಚೆಯದರಿಂದಲೂ ಹೊರಗೆ ಬಾ, ಆಮೇಲೆ ಒಳಗೆ ಹೋಗು ಎಂದರ್ಥ; ಇಂಪೋರ್ಟ್ ದಾರಿಯೆಂದರೆ ಇದೇ. ಫೈಲು ಜಾಗ ಬದಲಿಸಿತೋ, ದಾರಿ ಕೆಟ್ಟಿತು. ಆಗ ತಂಡದವರೆಲ್ಲ "ಎಲ್ಲೈತ್ರಿ ಅದು?" ಎಂದು ಸಮತಾಳನ್ನೇ ಕೇಳುವುದು. ಸಾಕಾಗಿ ಅವಳು, ಆ ದಾರಿಗಳ ಬದಲು ಎಲ್ಲಿಂದ ಕರೆದರೂ ಸಲ್ಲುವ ಗಿಡ್ಡ ಹೆಸರುಗಳನ್ನಿಟ್ಟಿದ್ದಳು. ತಂಡದ ಹಿರಿಯ ಭೀಮೇಶ್, "ಒಂಬತ್ತಕ್ಕ ಓಡಿಸಿ ತೋರಿಸ್ರಿ. ಓಡಲಿಲ್ಲಾಂದ್ರ ಹಳೇದೇ ಇರ್ಲಿ" ಎಂದಿದ್ದ.

ಓಡಲಿಲ್ಲ. ಕೋಡ್ ಬರೆಯುವ ಎಡಿಟರ್ ಹೊಸ ಹೆಸರುಗಳಿಗೆಲ್ಲ ಸೊಸೆಯಂತೆ ತಲೆಯಾಡಿಸುತ್ತಿತ್ತು. ಓಡಿಸಹೋದರೆ ಮಾತ್ರ, ಫೈಲೇ ಸಿಗುತ್ತಿಲ್ಲವೆಂದು ಕೆಂಪಕ್ಷರ.

"ಏ ಸಮತಾ, ಬೀರುದಾಗ ಬರೇ ಅವ್ವನ ಸೀರಿ ಅದಾವ. ನನ್ನ ಬನೀನು ಎಲ್ಲೈತಿ?" ಗಂಡ ಸಂಜೀವ ಟವೆಲ್ಲು ಸುತ್ತಿಕೊಂಡು ಕೂಗಿದ.

ಅತ್ತೆ ಜೋಗಮ್ಮ ನಕ್ಕಳು. "ನಿನ್ನ ಬಟ್ಟಿ ಟ್ರಂಕಿಗೆ ಹಾಕ್ಯಾಳೋ. ಏನವಾ ಸಮತಾ, ನನಗಷ್ಟೇ ಹೇಳಿದ್ರ ಆತೇನು? ಹುಡುಕಾಡೋನು ಅವನು!"

ಸಮತಾ ನೆಟ್ಟಗೆ ಕೂತಳು. ಹೊಸ ಹೆಸರುಗಳನ್ನು ಅವಳು ಎಡಿಟರಿಗಷ್ಟೇ ಹೇಳಿದ್ದಳು. ಫೈಲುಗಳನ್ನು ಹುಡುಕಿ ಒಟ್ಟು ಮಾಡಿ ಓಡಿಸುವ ಬಂಡ್ಲರಿಗೆ ಹೇಳಿರಲೇ ಇಲ್ಲ! ಅದರ ಸೆಟ್ಟಿಂಗಿನಲ್ಲೂ ಅವೇ ಹೆಸರುಗಳನ್ನು ಬರೆದಳು. ಕೆಂಪು ಹೋಯಿತು.

"ಅತ್ತಿ, ನಿಮಗ ಇವತ್ತು ಇನ್ನೊಂದು ಕಪ್ ಚಾ!"

"ಯಾಕವಾ, ನಾನೇನು ಮಾಡಿದೆ?"

"ನೀವಲ್ಲ, ಚಾ ನಿಮ್ಮ ಮಗ ಮಾಡ್ತಾರ."

"ಬನೀನಿಲ್ದನಾ?" ಎಂದ ಸಂಜೀವ. ಆದರೂ ಅಡುಗೆಮನೆಗೆ ಹೋದ.

ಒಂಬತ್ತಕ್ಕೆ ಎಲ್ಲರ ಮುಂದೆ ಪ್ರಾಜೆಕ್ಟು ತೊಡಕಿಲ್ಲದೆ ಓಡಿತು. ಆಮೇಲೆ ಭೀಮೇಶನ ಮೆಸೇಜು ಬಂತು: "ಭಾರಿ ಆತು ನೋಡ್ರಿ! ಇನ್ನ ಮ್ಯಾಲೆ ಯಾವ ಫೈಲಿಗೆ ಏನು ಹೆಸರು ಅಂತ ಎಲ್ರೂ ನಿಮ್ಮನ್ನೇ ಕೇಳಿಬಿಡ್ತೀವಿ. ಆಗಬಹುದಲ್ರಿ?"

ರೂಢಿಬಿದ್ದ ಬೆರಳು 'ಆಗಲಿ ಸರ್' ಎಂದು ಒತ್ತಿಯೇಬಿಟ್ಟಿತ್ತು, ಕಳಿಸುವುದೊಂದು ಬಾಕಿ. ಸಮತಾ ಅದನ್ನು ನೋಡಿದಳು, ಅಳಿಸಿದಳು. ಹೆಸರುಗಳನ್ನೆಲ್ಲ ಪ್ರಾಜೆಕ್ಟಿನ ಮೊದಲ ಪುಟದಲ್ಲಿ ಹಾಕಿ, ಯಾರನ್ನೂ ಕೇಳದೆ ಬರೆದು ಕಳಿಸಿದಳು: "ಆಗೂದಿಲ್ರಿ ಸರ್. ಎಲ್ಲಾ ಮೊದಲ ಪುಟದಾಗ ಹಾಕೀನಿ, ನೀವೇ ನೋಡ್ಕೋರಿ."